ಹಳೆ ಕಾರಿಗೆ ಹೊಸ ಬೇರಿಂಗ್

ಅಮೆರಿಕದ ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಒಂದೂವರೆ ಕೋಟಿ ‘ಮಾಡೆಲ್ ಟಿ’ ಕಾರುಗಳನ್ನು ತಯಾರಿಸಿತು. ಇಂದಿಗೂ ಕೆಲವರು ಅವನ್ನು ಓಡಿಸುತ್ತಾರೆ. ಆದರೆ ಎಂಜಿನ್ನಿನ ಬೇರಿಂಗ್ ಸವೆದರೆ ಮಾಲೀಕರ ಪಾಡು ಹೇಳತೀರದು. ಲೇತ್ ಇರುವ ವರ್ಕ್‌ಶಾಪ್ ಎಲ್ಲಾದರೂ ಸಿಕ್ಕೀತು. ಬ್ಯಾಬಿಟ್ ಎರಕ ಹೊಯ್ಯಬಲ್ಲವರು ವಿರಳ.

ಏನಿದು ಬ್ಯಾಬಿಟ್? 1839ರಲ್ಲಿ ಐಸಾಕ್ ಬ್ಯಾಬಿಟ್ ರೂಪಿಸಿದ ಮಿಶ್ರಲೋಹ. ಬಹುಪಾಲು ತವರ, ಜೊತೆಗೆ ಸ್ವಲ್ಪ ಆಂಟಿಮನಿ ಮತ್ತು ತಾಮ್ರ. ಎಣ್ಣೆಯೊಡನೆ ಬಂದ ದೂಳಿನ ಕಣ ಈ ಮೆತ್ತನೆಯ ಲೋಹದಲ್ಲಿ ಹೂತುಹೋಗುತ್ತದೆ. ಉಕ್ಕಿನ ಕ್ರ್ಯಾಂಕ್ ಶಾಫ್ಟ್‌ಗೆ ಗೀರು ಬೀಳುವುದು ತಪ್ಪುತ್ತದೆ. (ಜಾಣ ಏರ್ಪಾಡಲ್ಲವೇ!)

ಮಾಡೆಲ್ ಟಿಯಲ್ಲಿ ಕರಗಿದ ಬ್ಯಾಬಿಟ್ಟನ್ನು ಎಂಜಿನ್ ಬ್ಲಾಕಿಗೇ ಹೊಯ್ದು, ತಣಿದ ಮೇಲೆ ಮೂರು ಮುಖ್ಯ ಬೇರಿಂಗ್‌ಗಳನ್ನೂ ಒಂದೇ ರೇಖೆಯಲ್ಲಿ ಕೊರೆಯಬೇಕು. ಶಾಫ್ಟ್ ಸುತ್ತ ಎಣ್ಣೆಗೆಂದು ಬಿಡುವ ಸಂದು ಸುಮಾರು ಒಂದೂವರೆ ಥೌ. ಎಂದರೆ, ಇಂಚನ್ನು ಸಾವಿರ ಪಾಲು ಮಾಡಿದಾಗ ಅದರಲ್ಲಿ ಒಂದೂವರೆ ಪಾಲು! ಸಾಧಾರಣ ತಲೆಗೂದಲೂ ತೂರದು. ಸಂದು ತೀರಾ ಬಿಗಿಯಾದರೆ ಬೇರಿಂಗ್ ಕಾದು ಕರಗಬಹುದು. ಸಡಿಲವಾದರೆ ಶಾಫ್ಟ್ ಬಡಿಯತೊಡಗುತ್ತದೆ.

ಕೆಲವರು ಬ್ಲಾಕನ್ನು ಕೊರೆದು ಈಗಿನ ಶೆಲ್ ಬೇರಿಂಗ್ ಕೂರಿಸುತ್ತಾರೆ. ಅನುಕೂಲವೇನೋ ಸರಿ, ಆದರೆ ಕೊರೆದ ಕಬ್ಬಿಣ ಮತ್ತೆ ಕೂಡುವುದಿಲ್ಲ. ಹಾಗಾಗಿ ಬಲ್ಲವರು ದರ ವಿಚಾರಿಸುವ ಮೊದಲೇ, ‘ಹಿಂದೆ ಯಾವ ಎಂಜಿನ್ ಮಾಡಿದ್ದೀರಿ? ಅದು ಈಗಲೂ ಓಡುತ್ತಿದೆಯೇ?’ ಎಂದು ಕೇಳುತ್ತಾರೆ.