ಜಾಲರಿ ಬೇಲಿಯ ಜೀವ ಮೂಲೆಕಂಬದಲ್ಲಿ

‘ಎಕರೆಗೆ ಎಷ್ಟಾಗುತ್ತೆ?’ ಬೇಲಿ ಹಾಕಿಸಲು ಹೊರಟವರ ಮೊದಲ ಪ್ರಶ್ನೆ ಇದು. ಬೇಲಿ ಕೆಲಸದವರ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ಎಕರೆ ಲೆಕ್ಕ ಬೇಡ ಸಾರ್, ಸುತ್ತ ಎಷ್ಟು ಅಡಿ ಬರುತ್ತೆ ಹೇಳಿ.’ ಮಾತಿನಲ್ಲಿ ಹುರುಳಿದೆ. ಚೌಕವಾಗಿರುವ ಒಂದು ಎಕರೆಯ ಸುತ್ತಳತೆ ಸುಮಾರು 835 ಅಡಿ. ಅದೇ 40 ಗುಂಟೆ ಅಣ್ಣತಮ್ಮಂದಿರ ಪಾಲಿನಲ್ಲಿ 66 ಅಡಿ ಅಗಲ, 660 ಅಡಿ ಉದ್ದದ ಪಟ್ಟಿಯಾಗಿ ಬಂದಿದ್ದರೆ ಸುತ್ತಳತೆ 1,452 ಅಡಿ. ಜಮೀನು ಅಷ್ಟೇ, ಬೇಲಿ ಮಾತ್ರ ಮುಕ್ಕಾಲು ಪಾಲು ಹೆಚ್ಚು. ಪಾಲಾಗಿ ಪಾಲಾಗಿ ಉದ್ದುದ್ದ ಸೀಳಿಹೋದ ನಮ್ಮ ಹೊಲಗಳಿಗೆ ಬೇಲಿ ದುಬಾರಿಯಾಗಲು ಇದೂ ಒಂದು ಕಾರಣ.

ಕಳ್ಳಿ, ಕತ್ತಾಳೆ, ಲಂಟಾನದ ಬೇಲಿಗಳು ಹಿಂದೆ ಸರಿದು, ಮುಳ್ಳುತಂತಿಯ ಕಾಲವೂ ಒಂದಿಷ್ಟು ಆಗಿ, ಈಗ ಎಲ್ಲೆಲ್ಲೂ ಚೈನ್‌ಲಿಂಕ್. ತೋಟ, ಖಾಲಿ ಸೈಟು, ಗೋದಾಮು, ಶಾಲೆಯ ಮೈದಾನ, ರಸ್ತೆ ಬದಿಯ ಟ್ರಾನ್ಸ್‌ಫಾರ್ಮರ್, ಎಲ್ಲದರ ಸುತ್ತಲೂ ಅದೇ ವಜ್ರಾಕಾರದ ಕಣ್ಣುಗಳ ಜಾಲರಿ. ಗೋಡೆಗಿಂತ ಅಗ್ಗ, ಗಾಳಿ ಬೆಳಕನ್ನು ತಡೆಯುವುದಿಲ್ಲ, ಒಳಗೇನು ನಡೆದಿದೆ ಎಂಬುದು ರಸ್ತೆಯಿಂದಲೇ ಕಾಣುತ್ತದೆ. ಖಾಲಿ ಸೈಟಿಗೆ ಕಸ ಸುರಿಯುವವರಿಗೆ ಈ ಕೊನೆಯ ಗುಣವೇ ದೊಡ್ಡ ತೊಡಕು.

ಈ ಜಾಲರಿಯ ಮೂಲ ನೇಯ್ಗೆಯಲ್ಲಿದೆ. ಬಟ್ಟೆ ನೇಯ್ಗೆಗೆ ಹೆಸರಾಗಿದ್ದ ಇಂಗ್ಲೆಂಡಿನ ನಾರಿಚ್ ಪಟ್ಟಣದಲ್ಲಿ ಚಾರ್ಲ್ಸ್ ಬರ್ನಾರ್ಡ್ ಎಂಬಾತ 1844ರಲ್ಲಿ ಮಗ್ಗದ ಮಾದರಿಯನ್ನೇ ಹಿಡಿದು ತಂತಿಬಲೆ ಹೆಣೆಯುವ ಯಂತ್ರ ಮಾಡಿದ. ಈಗಿನ ಚೈನ್‌ಲಿಂಕ್ ಯಂತ್ರದ ಕೆಲಸ ನೋಡಲು ಬಲು ಚೆನ್ನ. ತಿರುಗುವ ಚಪ್ಪಟೆ ಪಟ್ಟಿಯೊಂದಕ್ಕೆ ತಂತಿ ಸುತ್ತಿಕೊಂಡು, ಅಂಕುಡೊಂಕಾಗಿ ಹೊರಬರುತ್ತಲೇ ಹಿಂದಿನ ಎಳೆಯೊಳಗೆ ತಿರುಪಿನಂತೆ ತೂರಿಕೊಳ್ಳುತ್ತ ಸಾಗುತ್ತದೆ. ಎತ್ತರ ಸಾಕಾದಾಗ ಕತ್ತರಿಸಿ ತುದಿ ಮಡಚಿದರೆ ಒಂದೆಳೆ ಮುಗಿಯಿತು. ಬೆಸುಗೆಯಿಲ್ಲ, ಗಂಟಿಲ್ಲ. ಹಾಗಾಗಿ ರೋಲನ್ನು ಬೇಕಾದ ಉದ್ದಕ್ಕೆ ತುಂಡು ಮಾಡಲು ಒಂದು ಎಳೆಯ ತುದಿ ಬಿಚ್ಚಿ ತಿರುಗಿಸುತ್ತ ಹೊರಗೆಳೆದರೆ ಆಯಿತು. ಎರಡು ರೋಲು ಕೂಡಿಸಬೇಕಾದರೆ ಅದೇ ಎಳೆಯನ್ನು ಮತ್ತೆ ತೂರಿಸಿದರೆ ಸಾಕು, ಜೋಡಿಸಿದ ಜಾಗ ಗೊತ್ತೂ ಆಗುವುದಿಲ್ಲ. ನುರಿತವರು ಇಷ್ಟನ್ನೂ ಕಟಿಂಗ್ ಪ್ಲೇಯರ್ ಒಂದರಲ್ಲೇ ಮುಗಿಸುತ್ತಾರೆ.

ಕೊಳ್ಳುವವರು ಮೋಸಹೋಗುವುದು ಗೇಜಿನಲ್ಲಿ. ಗೇಜ್ ಸಂಖ್ಯೆ ಏರಿದಷ್ಟೂ ತಂತಿ ತೆಳುವಾಗುತ್ತದೆ: 10 ಗೇಜ್ ಎಂದರೆ 3.25 ಮಿಲಿಮೀಟರ್, 12 ಎಂದರೆ 2.64, 14 ಎಂದರೆ 2.03. 10 ಮತ್ತು 12ರ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸ ಅಷ್ಟಕ್ಕಷ್ಟೆ. ಆದರೆ ಕಣ್ಣಿನ ಅಳತೆ ಒಂದೇ ಇದ್ದರೆ 12ರ ಜಾಲರಿಯಲ್ಲಿ ಉಕ್ಕು ಮೂರನೇ ಒಂದು ಪಾಲು ಕಡಿಮೆ. ಆದ್ದರಿಂದ ರೋಲನ್ನು ತೂಕಕ್ಕೆ ಹಾಕಿಸಿ, ಇಲ್ಲವೇ ವರ್ನಿಯರ್ ಕ್ಯಾಲಿಪರಿನಲ್ಲಿ ತಂತಿ ಅಳೆಯಿರಿ. ಬೇಸರ ಪಟ್ಟುಕೊಳ್ಳುವ ವ್ಯಾಪಾರಿಯಿಂದ ಕೊಳ್ಳದಿರುವುದೇ ಮೇಲು. ಸತು ಲೇಪಿತ ಜಾಲರಿಗೆ ಐಎಸ್ 2721 ಎಂಬ ಭಾರತೀಯ ಮಾನಕವೂ ಇದೆ. ಈ ಸತುವೇ ತಂತಿಯ ಕಾವಲು. ಕಬ್ಬಿಣಕ್ಕಿಂತ ಮೊದಲು ತಾನು ಸವೆಯುತ್ತದೆ, ಸಣ್ಣ ಗೀರು ಬಿದ್ದರೂ ಅಕ್ಕಪಕ್ಕದ ಲೇಪ ಆ ಜಾಗವನ್ನು ಕಾಯುತ್ತದೆ. ಕರಾವಳಿಯ ಉಪ್ಪುಗಾಳಿಗೆ ಮಾತ್ರ ಲೇಪ ಬೇಗ ತೀರುತ್ತದೆ, ಅಲ್ಲಿ ಪಿವಿಸಿ ಹೊದಿಕೆಯ ತಂತಿಗೆ ಹೆಚ್ಚು ಹಣ ಕೊಡುವುದು ದಂಡವಲ್ಲ.

ಇನ್ನು ಕಂಬ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ರಾಮನಗರದ ಸೀಮೆಯವರಿಗೆ ಕಲ್ಲುಕಂಬವೇ ಕಂಬ. ಬಂಡೆಯ ಮೇಲೆ ಸಾಲಾಗಿ ಗುಳಿ ಕೊರೆದು, ಗುಳಿಗೊಂದು ಬೆಣೆ ಇಟ್ಟು, ಒಂದಾದ ಮೇಲೊಂದಕ್ಕೆ ಸುತ್ತಿಗೆಯ ಏಟು ಕೊಡುತ್ತ ಹೋದರೆ ಕಲ್ಲು ನೂಲು ಹಿಡಿದಂತೆ ಸೀಳುತ್ತದೆ. ತುಕ್ಕಿಲ್ಲ, ಗೆದ್ದಲಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ಏಳಡಿ ಕಂಬವಾದರೆ ಎರಡಡಿ ನೆಲದೊಳಗೆ, ಕಂಬದಿಂದ ಕಂಬಕ್ಕೆ ಎಂಟರಿಂದ ಹತ್ತಡಿ ಅಂತರ, ಇದು ವಾಡಿಕೆ. ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅಲ್ಲಿ ಗುಂಡಿ ಇನ್ನೂ ಆಳ ಬೇಕು, ಬುಡಕ್ಕೆ ಕಾಂಕ್ರೀಟೂ ಬೇಕು.

ಕೈಚಳಕವೆಲ್ಲ ಮೂಲೆಯಲ್ಲಿದೆ. ಸಾಲಿನ ನಡುವಿನ ಕಂಬಗಳು ಜಾಲರಿಯನ್ನು ನೆಟ್ಟಗೆ ನಿಲ್ಲಿಸುತ್ತವೆ, ಅಷ್ಟೆ. ಎಳೆತದ ಭಾರ ಪೂರಾ ಬೀಳುವುದು ಮೂಲೆಕಂಬದ ಮೇಲೆ, ಅದೂ ಎರಡು ದಿಕ್ಕಿನಿಂದ. ಅದಕ್ಕೇ ಎರಡೂ ಸಾಲಿನ ಕಡೆಗೆ ಒಂದೊಂದು ಓರೆ ಸಪೋರ್ಟ್ ಕಂಬ ಕೊಡಬೇಕು, ಬುಡಕ್ಕೆ ಕಾಂಕ್ರೀಟ್ ಹಾಕಿ ಒಣಗಲು ಬಿಡಬೇಕು. ಆಮೇಲೆ ಲೈನ್ ವೈರ್ ಬಿಗಿದು, ಜಾಲರಿಯ ಒಂದು ತುದಿ ಕಟ್ಟಿ, ಇನ್ನೊಂದು ತುದಿಗೆ ಹಾರೆ ತೂರಿಸಿ ಇಬ್ಬರು ಎಳೆದು ಹಿಡಿದರೆ ಮೂರನೆಯವರು ಬೈಂಡಿಂಗ್ ವೈರ್ ಸುತ್ತುತ್ತಾರೆ. ಕಡಿಮೆ ಎಳೆದರೆ ಹೊಟ್ಟೆ ಬಿಡುತ್ತದೆ, ಅತಿಯಾಗಿ ಎಳೆದರೆ ಕಣ್ಣುಗಳು ಅಡ್ಡಕ್ಕೆ ಅಗಲವಾಗಿ ಬೇಲಿಯ ಎತ್ತರವೇ ಕುಗ್ಗುತ್ತದೆ. ಐದಡಿ ಜಾಲರಿ ಕಟ್ಟಿದ ಮೇಲೆ ನಾಲ್ಕೂಮುಕ್ಕಾಲು ಅಡಿ ಬಂದಿದ್ದರೆ, ರೋಲು ಉಳಿಸಲು ಯಾರೋ ಜಾಸ್ತಿ ಎಳೆದಿದ್ದಾರೆ ಎಂದೇ ತಿಳಿಯಿರಿ. ಮೂಲೆಕಂಬದ ಕಾಂಕ್ರೀಟು ಹಸಿಯಿರುವಾಗಲೇ ಜಾಲರಿ ಎಳೆದ ಬೇಲಿ ಒಂದು ಮಳೆಗಾಲದಲ್ಲೇ ಒಳಕ್ಕೆ ವಾಲುತ್ತದೆ. ಅಡಿಗೆ ಇಷ್ಟು ಎಂಬ ದರದಲ್ಲಿ ಪೈಪೋಟಿ ನಡೆದಾಗ ಮೊದಲು ಕತ್ತರಿ ಬೀಳುವುದೂ ಇಲ್ಲೇ.

ಚೈನ್‌ಲಿಂಕ್ ಎಲ್ಲಕ್ಕೂ ಮದ್ದಲ್ಲ. ದನ, ಮೇಕೆ, ನಾಯಿಗೆ ಸಾಕು. ಹಂದಿ ಬುಡ ಎತ್ತಿ ನುಸುಳುತ್ತದೆ, ಅದಕ್ಕೆ ಜಾಲರಿಯ ಅಂಚನ್ನು ಮಣ್ಣಲ್ಲಿ ಹೂಳಬೇಕು. ಆನೆಗೆ ಇದು ಲೆಕ್ಕಕ್ಕೇ ಇಲ್ಲ. ನಾಗರಹೊಳೆ, ಬಂಡೀಪುರದ ಅಂಚಿನಲ್ಲಿ ಅರಣ್ಯ ಇಲಾಖೆ ರೈಲು ಹಳಿಗಳನ್ನೇ ಬೇಲಿಯಾಗಿ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಮನೆಯ ಕರೆಂಟನ್ನು ಬೇಲಿಗೆ ಹರಿಸುವ ಯೋಚನೆಯಂತೂ ಬೇಡವೇ ಬೇಡ. ಅದು ಅಪರಾಧ, ಸಾಯುವವರು ಬಹಳ ಸಲ ಮನೆಯವರೇ.

ಕೊನೆಯದಾಗಿ, ಕೆಲಸ ಶುರುವಾಗುವ ಮೊದಲೇ ಆಗಬೇಕಾದ ಮಾತು. ಬಾಂದು ಕಲ್ಲು ಕಿತ್ತುಹೋಗಿದ್ದರೆ, ‘ನಮ್ಮಜ್ಜನ ಕಾಲದಿಂದ ಇಲ್ಲಿವರೆಗೂ ನಮ್ಮದೇ’ ಎಂಬ ಮಾತು ಕಂಬ ನೆಡಲು ಆಧಾರವಾಗದು. ಭೂಮಾಪನ ಇಲಾಖೆಗೆ ಹದ್ದುಬಸ್ತಿಗೆ ಅರ್ಜಿ ಕೊಡಿ. ಪಕ್ಕದ ಜಮೀನಿನವರಿಗೂ ನೋಟಿಸು ಹೋಗಿ, ಅವರೆದುರೇ ಅಳತೆಯಾಗುತ್ತದೆ. ಬಂಡಿದಾರಿ, ಕಾಲುದಾರಿ, ಖರಾಬು ಎಲ್ಲಿದೆ ಎಂದು ನಕ್ಷೆಯಲ್ಲಿ ನೋಡಿಕೊಳ್ಳಿ. ಸೈಟಾದರೆ ಪತ್ರದ ಚಕ್ಕುಬಂದಿಯನ್ನು ಟೇಪು ಹಿಡಿದು ತಾಳೆ ಮಾಡಿ. ಒಂದಡಿ ಆಚೆ ನೆಟ್ಟ ಕಂಬ ಕೋರ್ಟಿಗೆ ಎಳೆಯುತ್ತದೆ, ಒಂದಡಿ ಈಚೆ ನೆಟ್ಟರೆ ಆ ಜಾಗ ನಿಧಾನಕ್ಕೆ ಪಕ್ಕದವರದಾಗುತ್ತದೆ. ಅಳತೆಯ ನಕ್ಷೆ ಕೈಗೆ ಬರುವವರೆಗೂ ಬೇಲಿಯವರಿಗೆ ಮುಂಗಡ ಕೊಡಬೇಡಿ.