ಬಂಡೆಗಿಂತ ಎಷ್ಟು ಗಡಸು?

ಚಿಂತಾಮಣಿ, ಶಿಡ್ಲಘಟ್ಟದ ಕಡೆ ಬೋರ್‌ವೆಲ್ ಸಾವಿರ ಅಡಿ ಇಳಿಯುವುದು ಈಗ ಮಾಮೂಲು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ ರೈತನಿಗೂ ನೀರಿಗೂ ನಡುವೆ ಇರುವುದು ಕಗ್ಗಲ್ಲು. ಅದನ್ನು ಪುಡಿ ಮಾಡುವುದು ರಾಡಿನ ತುದಿಯಲ್ಲಿರುವ ಆರೂವರೆ ಇಂಚಿನ ಬಿಟ್. ಅದರ ಉಕ್ಕಿನ ಮುಖದ ತುಂಬ ಬೂದು ಬಣ್ಣದ, ದುಂಡು ತಲೆಯ ಬಟನ್‌ಗಳಿರುತ್ತವೆ. ಅವು ಟಂಗ್‌ಸ್ಟನ್ ಕಾರ್ಬೈಡ್‌ನವು. ಕಂಪ್ರೆಸರ್‌ನ ಗಾಳಿಗೆ ಒಳಗಿನ ಪಿಸ್ಟನ್ ಬಡಿದಂತೆಲ್ಲ ಬಟನ್ ಬಂಡೆಯೊಳಗೆ ಒತ್ತುತ್ತದೆ, ಕಲ್ಲು ಸಿಡಿಯುತ್ತದೆ.

ಲೋಹದ ಗಡಸುತನ ಅಳೆಯುವ ವಿಧಾನವೂ ಇದೇ: ಒತ್ತಿ, ಬಿದ್ದ ಗುಳಿಯನ್ನು ನೋಡುವುದು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೀಲರ್‌ಗಳು ರೇಷ್ಮೆಗೂಡನ್ನು ಬೆರಳಲ್ಲಿ ಅದುಮಿ ಅಂದಾಜು ಮಾಡುವುದಿಲ್ಲವೇ, ಹಾಗೆ. ಆ ಅಂದಾಜಿಗೆ ಸಂಖ್ಯೆಯ ಖಚಿತತೆ ತಂದವನು ಸ್ವೀಡನ್ನಿನ ಇಂಜಿನಿಯರ್ ಬ್ರಿನೆಲ್, 1900ರಲ್ಲಿ. 10 ಮಿಲಿಮೀಟರ್ ಗುಂಡನ್ನು ಉಕ್ಕಿನ ಮೇಲಿಟ್ಟು 3000 ಕಿಲೋ ಭಾರ ಹೇರಿ, ಕೆಲವು ಸೆಕೆಂಡು ತಡೆದು, ಉಳಿದ ಗುಳಿಯ ಅಗಲವನ್ನು ಸೂಕ್ಷ್ಮದರ್ಶಕದಲ್ಲಿ ಅಳೆದ. ಗುಳಿ ಕಿರಿದಾದಷ್ಟೂ ಲೋಹ ಗಡಸು. ಅಂದು ಉಕ್ಕಿನದಾಗಿದ್ದ ಆ ಗುಂಡು ಇಂದು ಟಂಗ್‌ಸ್ಟನ್ ಕಾರ್ಬೈಡ್‌ನದು, ಬಟನ್‌ನ ಸಂಬಂಧಿಯೇ.

ಕಾರ್ಖಾನೆಗಳಿಗೆ ಹೆಚ್ಚು ಒಗ್ಗಿದ್ದು ಅಮೆರಿಕದ ರಾಕ್‌ವೆಲ್‌ಗಳ ಯಂತ್ರ. ಅದು ಅಗಲ ಬಿಟ್ಟು ಆಳ ಅಳೆಯುತ್ತದೆ. ‘ಸಿ’ ಮಾಪಕದಲ್ಲಿ ವಜ್ರದ ಶಂಕುವನ್ನು ಮೊದಲು 10 ಕಿಲೋ, ಆಮೇಲೆ ಒಟ್ಟು 150 ಕಿಲೋ ಭಾರದಲ್ಲಿ ಒತ್ತುತ್ತಾರೆ. ಹೆಚ್ಚುವರಿ ಭಾರ ತೆಗೆದ ಮೇಲೆ ಉಳಿದ ಆಳದಲ್ಲಿ ಪ್ರತಿ 0.002 ಮಿಲಿಮೀಟರ್‌ಗೆ 100ರಿಂದ ಒಂದಂಕ ಕಳೆಯುತ್ತದೆ. ಡಯಲ್ ನೋಡಿದರೆ ಸಾಕು, ಲೆಕ್ಕವೇ ಬೇಡ.

ನನಗೆ ಇವೆಲ್ಲಕ್ಕಿಂತ ಸೊಗಸಾಗಿ ಕಾಣುವುದು 1920ರ ದಶಕದಲ್ಲಿ ಇಂಗ್ಲೆಂಡಿನ ವಿಕರ್ಸ್ ಕಂಪನಿಯಲ್ಲಿ ಹುಟ್ಟಿದ ಪರೀಕ್ಷೆ. ವಜ್ರದ ಪಿರಮಿಡ್, ಎದುರುಬದುರಿನ ಮುಖಗಳ ನಡುವೆ 136 ಡಿಗ್ರಿ. ನುಣುಪಾಗಿ ಪಾಲಿಶ್ ಮಾಡಿದ ಮೈಮೇಲೆ ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕ ಚೌಕ ಮೂಡುತ್ತದೆ. ಅದರ ಕರ್ಣ ಅಳೆದರೆ ಗಡಸುತನ ತಿಳಿಯಿತು. ನಮ್ಮ ಬಂಡೆಯಲ್ಲಿರುವ ಬೆಣಚು ಈ ಲೆಕ್ಕದಲ್ಲಿ 1000ದ ಆಸುಪಾಸು. ಬಟನ್ ಸಾಮಾನ್ಯವಾಗಿ 1200 ಅಥವಾ ಅದಕ್ಕೂ ಮೇಲೆ. ಅಂತರ ಇಷ್ಟೇ ಇರುವುದರಿಂದಲೇ ಬಟನ್ ಸವೆದು ತಲೆ ಚಪ್ಪಟೆಯಾಗುತ್ತದೆ, ಮತ್ತೆ ಗ್ರೈಂಡಿಂಗ್ ಮಾಡಿ ದುಂಡಗೆ ಮಾಡಬೇಕಾಗುತ್ತದೆ.

ಹಾಗಾದರೆ ಇನ್ನೂ ಗಡಸಾಗಿಸಬಾರದೇ? ಅಲ್ಲೇ ಇರುವುದು ತೊಡಕು. ಕಾರ್ಬೈಡ್ ಕಣಗಳನ್ನು ಹಿಡಿದಿಡುವುದು ಕೋಬಾಲ್ಟ್. ಅದನ್ನು ಕಡಿಮೆ ಮಾಡಿದರೆ ಗಡಸುತನ ಏರುತ್ತದೆ, ಏಟು ತಾಳುವ ಗುಣ ಇಳಿಯುತ್ತದೆ. ಬಟನ್ ಸವೆಯುವ ಬದಲು ಒಡೆಯುತ್ತದೆ. ಇದರ ಸುಳಿವನ್ನೂ ವಿಕರ್ಸ್ ಗುಳಿಯೇ ಕೊಡುತ್ತದೆ: ದೊಡ್ಡ ಭಾರ ಹಾಕಿದಾಗ ಚೌಕದ ನಾಲ್ಕು ಮೂಲೆಗಳಿಂದ ಸಣ್ಣ ಬಿರುಕುಗಳು ಹೊರಡುತ್ತವೆ, ಅವು ಉದ್ದವಾದಷ್ಟೂ ವಸ್ತು ಪೆಡಸು. ‘ಗಟ್ಟಿ ಮಾಲು’ ಎನ್ನುವಾಗ ನಾವು ಈ ಎರಡು ಗುಣಗಳನ್ನೂ ಒಂದೇ ಎಂದುಕೊಂಡುಬಿಡುತ್ತೇವೆ.

ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಇರುವ ಜಿಲ್ಲೆ ಇದು. ಅವರ ಹೆಸರಿನ ವಿಶ್ವವಿದ್ಯಾಲಯದ ಮೆಕ್ಯಾನಿಕಲ್ ವಿದ್ಯಾರ್ಥಿಗಳು ಲ್ಯಾಬಿನಲ್ಲಿ ಈ ಪರೀಕ್ಷೆಗಳನ್ನು ಮಾಡಿಯೇ ಹೊರಬರುತ್ತಾರೆ. ಸಾಮಾನ್ಯವಾಗಿ ಅವರ ಕೈಗೆ ಸಿಗುವುದು ಹಿತ್ತಾಳೆ, ಅಲ್ಯೂಮಿನಿಯಂ, ಮೆದು ಉಕ್ಕಿನ ತುಂಡುಗಳು. ಅಧ್ಯಾಪಕರು ದಯವಿಟ್ಟು ಗೌರಿಬಿದನೂರಿನದೋ ಚಿಂತಾಮಣಿಯದೋ ಒಂದು ಸವೆದ ಬಿಟ್ಟನ್ನೂ ಆ ಮೇಜಿನ ಮೇಲಿಡಲಿ.