ಎಲೆಯಲ್ಲಿ ಘಮ ಎಲ್ಲಿರುತ್ತದೆ?

ಬೆಂಗಳೂರಿನ ಶ್ರೀಗಂಧದ ಕಾವಲ್‌ನಲ್ಲಿ ಮೂವತ್ತು–ನಲವತ್ತರ ಸೈಟಿನ ತುಂಬ ಮನೆ ಎದ್ದ ಮೇಲೆ ಗಿಡಗಳಿಗೆ ಉಳಿಯುವುದು ತಾರಸಿ ಮತ್ತು ಕಾಂಪೌಂಡಿನ ಬದಿಯ ಒಂದೆರಡು ಅಡಿ ನೆಲ. ದೊಡ್ಡಪತ್ರೆ, ಕರಿಬೇವು, ಕೊತ್ತಂಬರಿ, ಪುದೀನಕ್ಕೆ ಅಷ್ಟು ಸಾಕು. ಆದರೆ ಒಂದೊಂದು ಗಿಡವೂ ತನ್ನ ಸುಗಂಧ ತೈಲವನ್ನು ಒಂದೊಂದು ಬಗೆಯಲ್ಲಿ ಇಟ್ಟುಕೊಂಡಿರುತ್ತದೆ. ಅದನ್ನು ಯಾವಾಗ ಪಾತ್ರೆಗೆ ಹಾಕಬೇಕೆಂಬ ಲೆಕ್ಕ ಅಲ್ಲಿಂದಲೇ ಶುರು.

ದೊಡ್ಡಪತ್ರೆಯ ತೈಲ ಇರುವುದು ಎಲೆಯ ಹೊರಮೈಯ ರೋಮಗ್ರಂಥಿಗಳಲ್ಲಿ. ಸವರಿದರೆ ಸಾಕು, ಘಮ ಕೈಗೆ ಹತ್ತುತ್ತದೆ. ಅದರ ಮುಖ್ಯ ಅಂಶಗಳು ಕಾರ್ವಕ್ರಾಲ್ ಮತ್ತು ಥೈಮಾಲ್. ಓಮದಲ್ಲೂ ಥೈಮಾಲ್ ಇರುವುದರಿಂದ ಎರಡರ ವಾಸನೆಯೂ ಹತ್ತಿರ. ಈ ತೈಲ ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತದೆ. ತಂಬುಳಿಗೆ ಎಲೆಯನ್ನು ತುಪ್ಪದಲ್ಲಿ ಬಾಡಿಸಿ ರುಬ್ಬುವುದು ಅದಕ್ಕೇ ಸರಿ. ದಪ್ಪ, ರಸಭರಿತ ಎಲೆಯ ಗಿಡವಿದು. ದಿನಾ ನೀರು ಸುರಿದರೆ ಬೇರು ಕೊಳೆಯುತ್ತದೆ.

ಕರಿಬೇವು ನಿಂಬೆಯ ಕುಟುಂಬಕ್ಕೆ ಸೇರಿದ್ದು. ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿ: ಸೂಜಿಮೊನೆಯಷ್ಟು ಚುಕ್ಕೆಗಳಲ್ಲಿ ಬೆಳಕು ತೂರಿಬರುತ್ತದೆ. ಎಲೆಯೊಳಗಿನ ತೈಲದ ಗೂಡುಗಳವು. ಒಗ್ಗರಣೆಯ ಕಾದ ಎಣ್ಣೆಗೆ ಬಿದ್ದೊಡನೆ ಎಲೆಯ ನೀರು ಆವಿಯಾಗಿ ಚಟಪಟ ಸಿಡಿದು, ಗೂಡು ಒಡೆದು ಘಮ ಎಣ್ಣೆಗೆ ಇಳಿಯುತ್ತದೆ. ಕೀಟಗಳನ್ನು ದೂರವಿಡಲು ಗಿಡ ಕಟ್ಟಿಕೊಂಡ ಈ ತೈಲದ ರಕ್ಷಣೆಗೆ ನಿಂಬೆ ಚಿಟ್ಟೆಯ ಹುಳು ಮಾತ್ರ ಜಗ್ಗುವುದಿಲ್ಲ. ಹಕ್ಕಿಯ ಹಿಕ್ಕೆಯಂತೆ ಕಾಣುವ ಮರಿಹುಳು ಚಿಗುರನ್ನೇ ಮೇಯುತ್ತದೆ.

ಕೊತ್ತಂಬರಿ ಸೊಪ್ಪಿನ ಘಮ ಕೊಡುವ ಆಲ್ಡಿಹೈಡ್‌ಗಳು ಬಿಸಿಗೆ ಬೇಗ ಹಾರಿಹೋಗುತ್ತವೆ. ಸಾರು ಇಳಿಸಿದ ಮೇಲೆ ಉದುರಿಸುವುದೇ ಲೇಸು. ಅದೇ ಗಿಡದ ಬೀಜದಲ್ಲಿ ಲಿನಲೂಲ್ ಹೆಚ್ಚು, ಹಾಗಾಗಿ ಧನಿಯದ ವಾಸನೆಯೇ ಬೇರೆ. ಕೆಲವರಿಗೆ ಈ ಸೊಪ್ಪು ಸೋಪಿನಂತೆ ನಾರುವುದಕ್ಕೂ, ವಾಸನೆ ಗ್ರಹಿಸುವ ಒಂದು ಜೀನಿಗೂ ನಂಟಿದೆಯೆಂದು 2012ರ ಅಧ್ಯಯನವೊಂದು ತೋರಿಸಿತು. ಧನಿಯ ಕಾಳಿನೊಳಗೆ ಎರಡು ಬೀಜಗಳಿರುತ್ತವೆ. ಮೆಲ್ಲಗೆ ಉಜ್ಜಿ, ಹೋಳು ಮಾಡಿ ಬಿತ್ತಬೇಕು. ಬೇಸಿಗೆಯ ಬಿಸಿಲಿಗೆ ಗಿಡ ಬೇಗ ಹೂವಿಗೆ ಓಡುವುದರಿಂದ ಆಗ ಕೊಂಚ ನೆರಳು ಬೇಕು. ಮತ್ತೆ ಮತ್ತೆ ಕೊಯ್ಯಬಹುದಾದ ‘ಅರ್ಕಾ ಇಶಾ’ ತಳಿಯನ್ನು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೊಟ್ಟಿದೆ.

ಪುದೀನಕ್ಕೆ ತೇವ ಬೇಕು, ಬೇರೆಯದೇ ಕುಂಡವೂ ಬೇಕು. ಇಲ್ಲದಿದ್ದರೆ ನೆರೆಯ ಗಿಡದ ಜಾಗವನ್ನೂ ನುಂಗುತ್ತದೆ.

ಕಿತ್ತ ಗಳಿಗೆಯಿಂದಲೇ ಎಲೆಯ ಘಮ ಸೋರತೊಡಗುತ್ತದೆ. ಆದ್ದರಿಂದ ಒಲೆ ಹಚ್ಚಿದ ಮೇಲೆ ತಾರಸಿಗೆ ಹೋಗಿ ಬೇಕಾದಷ್ಟೇ ಕೀಳಿ. ಹುಳು ಕಂಡರೆ ಕೈಯಲ್ಲೇ ತೆಗೆಯಿರಿ. ಹಸಿಯಾಗಿ ತಿನ್ನುವ ಸೊಪ್ಪಿಗೆ ಕೀಟನಾಶಕ ಬೇಡವೇ ಬೇಡ.